ತಂತಿ ಬಂದರೆ ಸಾಕೇ?

"ಹಳ್ಳಿಗೆ ಕರೆಂಟ್ ಬಂದ ಮೇಲೂ ಇಂಧನ ಬಡತನ ಅಂತ ಯಾಕೆ ಹೇಳುತ್ತಾರೆ?" ಎಂದು ಕೇಳಿದ್ದೀರಿ. ಇಂಧನ ಬಡತನ ಅಂದರೆ ಬೆಳಕು, ಅಡುಗೆಯಂಥ ದಿನನಿತ್ಯದ ಕೆಲಸಕ್ಕೆ ಬೇಕಾದ ಕರೆಂಟ್, ಶುದ್ಧ ಇಂಧನ ಸರಿಯಾಗಿ ಸಿಗದಿರುವುದು. ಸುಮ್ನೆ ಕಂಬ ನೆಟ್ಟ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. 2018ರ ಏಪ್ರಿಲ್‌ನಲ್ಲಿ ನಮ್ಮ ದೇಶದ ಎಲ್ಲ ಹಳ್ಳಿಗೂ ವಿದ್ಯುತ್ ಮುಟ್ಟಿತು ಎಂದು ಘೋಷಿಸಿದರು. ಲೆಕ್ಕ ಹೇಗಿತ್ತು ಗೊತ್ತಾ? ಶಾಲೆ, ಪಂಚಾಯಿತಿಯಂಥ ಜಾಗಗಳ ಜೊತೆ ನೂರಕ್ಕೆ ಹತ್ತು ಮನೆಗೆ ಸಂಪರ್ಕ ಇದ್ದರೆ ಸಾಕಿತ್ತು. ಎಷ್ಟು ಗಂಟೆ ಕರೆಂಟ್ ಇರುತ್ತದೆ ಎನ್ನುವುದು ಅದರಲ್ಲಿ ಇರಲೇ ಇಲ್ಲ.

ನನಗೆ ಜಾಸ್ತಿ ಸಂಕಟ ಆಗುವುದು ಬಡ ದೇಶಗಳ ಆರೋಗ್ಯ ಕೇಂದ್ರಗಳನ್ನು ನೆನೆದಾಗ. ಹೆಚ್ಚಿನ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇಡಬೇಕು. ಫ್ರಿಜ್ ತುಂಬಾ ಹೊತ್ತು ನಿಂತರೆ ಲಸಿಕೆ ಕೆಟ್ಟಂತೆಯೇ. ರಾತ್ರಿ ಹೆರಿಗೆಯಾದರೆ ನರ್ಸ್ ಮೊಬೈಲ್ ಟಾರ್ಚ್ ಬೆಳಕಿನಲ್ಲೇ ಹೊಲಿಗೆ ಹಾಕಬೇಕಾಗುತ್ತದೆ. ಆ ಊರಿನ ಪಟ್ಟಿಯಲ್ಲಿ ಮಾತ್ರ "ವಿದ್ಯುತ್ ಇದೆ" ಅಂತಲೇ ಇರಬಹುದು, ಅಲ್ವಾ?

ಇನ್ನು ಒಲೆ. ಜಗತ್ತಿನಲ್ಲಿ ಸುಮಾರು 200 ಕೋಟಿ ಜನ ಇವತ್ತಿಗೂ ಸೌದೆ, ಇದ್ದಿಲು, ಬೆರಣಿಯಂಥವುಗಳ ಹೊಗೆಯಲ್ಲೇ ಅಡುಗೆ ಮಾಡುತ್ತಿದ್ದಾರೆ.