ಹೂವು ಕೊಡೋದ್ರಿಂದ ಮನೇಲಿ, ಬಿಸಿನೆಸ್ಸಲ್ಲಿ ನಿಜವಾಗ್ಲೂ ಏನಾದ್ರೂ ಲಾಭ ಇದ್ಯಾ?

ಇದೆ, ಆದ್ರೆ ಯಾರಿಗೆ ಯಾವ ಹೂವು ಅನ್ನೋದು ಗೊತ್ತಿರ್ಬೇಕು. 2005ರಲ್ಲಿ ಅಮೆರಿಕದ ರಟ್ಗರ್ಸ್ ಯೂನಿವರ್ಸಿಟಿಯವ್ರು ಒಂದಷ್ಟು ಹೆಂಗಸ್ರಿಗೆ ಹೂವು, ಹಣ್ಣಿನ ಬುಟ್ಟಿ, ಕ್ಯಾಂಡಲ್ ಅಂತ ಬೇರೆಬೇರೆ ಗಿಫ್ಟ್ ಕೊಟ್ಟು ನೋಡಿದ್ರು, ಹೂವು ಸಿಕ್ಕಿದವ್ರೆಲ್ಲಾ ಮನಸಾರೆ ನಕ್ಕಿದ್ರು (ಈ ಸ್ಟಡಿಗೆ ಅಲ್ಲಿನ ಹೂವಿನ ವ್ಯಾಪಾರಿಗಳ ಸಪೋರ್ಟ್ ಇತ್ತು, ಅದೂ ನೆನಪಿರ್ಲಿ). ಮನೆಗಾದ್ರೆ ನನ್ ಪ್ರಕಾರ ಬೊಕೆ ಎಲ್ಲಾ ಬೇಡ, ಸಂಜೆ ಬರ್ತಾ ಬಾಳೆಲೇಲಿ ಸುತ್ತಿರೋ ಎರಡು ಮೊಳ ಮಲ್ಲಿಗೆ ತಂದು ಸುಮ್ನೆ ಟೇಬಲ್ ಮೇಲೆ ಇಟ್ರೆ ಸಾಕು, ಬೆಳಗ್ಗೆ ಜಗಳ ಆಗಿದ್ರೂ ರಾತ್ರಿ ಊಟದ ಹೊತ್ತಿಗೆ ಮಾತು ಶುರುವಾಗಿರತ್ತೆ, ನಮ್ಮನೇಲಿ ಎಷ್ಟೋ ಸಲ ಆಗಿದೆ.

ಬಿಸಿನೆಸ್ಸಲ್ಲಿ ಸ್ವಲ್ಪ ಹುಷಾರು. ಸ್ಟೇಜ್ ಮೇಲೆ ಕೊಡೋ ಬೊಕೆ ಫೋಟೋ ಆದ್ಮೇಲೆ ಕುರ್ಚಿ ಕೆಳಗೇ ಉಳ್ಕೊಳತ್ತೆ, 2021ರಲ್ಲಿ ನಮ್ ರಾಜ್ಯ ಸರ್ಕಾರನೇ ಸರ್ಕಾರಿ ಫಂಕ್ಷನ್‌ಗಳಲ್ಲಿ ಹಾರ ಬೊಕೆ ಬೇಡ, ಕನ್ನಡ ಪುಸ್ತಕ ಕೊಡಿ ಅಂತ ಆದೇಶ ಮಾಡಿತ್ತು. ಅದ್ರ ಬದ್ಲು ಕಸ್ಟಮರ್ ಹೊಸ ಅಂಗಡಿ ಪೂಜೆಗೆ ಬೆಳಗ್ಗೆನೇ ಒಂದು ಮಾರು ಸೇವಂತಿಗೆ ಹಿಡ್ಕೊಂಡು ಹೋಗಿ ನೋಡಿ, ನೀವೇ ಕೊಟ್ಟ ಹೂವು ಬಾಗಿಲಿಗೆ ಕಟ್ತಾರೆ, ಆಮೇಲೆ ಪೇಮೆಂಟ್ ಕೇಳೋಕೂ ಅಷ್ಟು ಮುಜುಗರ ಆಗಲ್ಲ.