ಗೋಡೆಗೆ ಅಂಟಿಸಿಟ್ಟ ಹುಡುಗ: ಎಜ್ರಾ ಜ್ಯಾಕ್ ಕೀಟ್ಸ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮ ಶಾಲೆಗೆ ದಾನವಾಗಿ ಬಂದ ಪುಸ್ತಕಗಳ ನಡುವೆ ‘ದಿ ಸ್ನೋಯಿ ಡೇ’ ಎಂಬ ಇಂಗ್ಲಿಷ್ ಚಿತ್ರಪುಸ್ತಕ ಸಿಕ್ಕಿತು. ಬರೆದು ಚಿತ್ರ ರಚಿಸಿದವರು ಎಜ್ರಾ ಜ್ಯಾಕ್ ಕೀಟ್ಸ್ ಎಂದಿದೆ. ಇವರು ಕವಿ ಕೀಟ್ಸ್ ಅವರ ಮನೆತನದವರೇ? ಹಿಮ ಬಿದ್ದ ದಿನ ಹುಡುಗನೊಬ್ಬ ಆಡಿ ಬರುವಷ್ಟೇ ಇರುವ ಕಥೆಗೆ ಇಷ್ಟೊಂದು ಹೆಸರೇಕೆ?
– ಪ್ರಾಥಮಿಕ ಶಾಲಾ ಶಿಕ್ಷಕಿ, ಶಿರಸಿ

ಉತ್ತರ: ಕವಿ ಜಾನ್ ಕೀಟ್ಸ್ ಅವರಿಗೂ ಇವರಿಗೂ ಯಾವ ನಂಟೂ ಇಲ್ಲ. ಪೋಲೆಂಡಿನಿಂದ ಅಮೆರಿಕಕ್ಕೆ ವಲಸೆ ಬಂದ ಬಡ ಯಹೂದಿ ದಂಪತಿಯ ಮಗನಾಗಿ 1916ರ ಮಾರ್ಚ್ 11ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಇವರ ಮೊದಲ ಹೆಸರು ಜೇಕಬ್ ಎಜ್ರಾ ಕಾಟ್ಜ್. ಯಹೂದಿಗಳ ಬಗೆಗಿನ ದ್ವೇಷ ಬಲವಾಗಿದ್ದ ಆ ದಿನಗಳಲ್ಲಿ, 1947ರಲ್ಲಿ, ಕಾನೂನುಬದ್ಧವಾಗಿ ಹೆಸರು ಬದಲಿಸಿಕೊಂಡರು.

ತಂದೆ ಬೆಂಜಮಿನ್ ಹೋಟೆಲಿನಲ್ಲಿ ಮಾಣಿಯಾಗಿದ್ದವರು. ಚಿತ್ರ ಬರೆದು ಮಗ ಹೊಟ್ಟೆ ಹೊರೆಯಲಾರ ಎಂಬ ಭಯ ಅವರಿಗಿತ್ತು. ಆದರೂ ಆಗಾಗ ಬಣ್ಣದ ಟ್ಯೂಬುಗಳನ್ನು ತಂದುಕೊಟ್ಟು, ಹಸಿದ ಕಲಾವಿದನೊಬ್ಬ ಒಂದು ಬಟ್ಟಲು ಸೂಪಿಗೆ ಬದಲಾಗಿ ಇದನ್ನು ಕೊಟ್ಟುಹೋದ ಎಂದು ಹೇಳುತ್ತಿದ್ದರು. ನಿಜದಲ್ಲಿ ಅವು ದುಡ್ಡು ಕೊಟ್ಟು ಕೊಂಡವು. 1935ರಲ್ಲಿ, ಮಗನ ಪ್ರೌಢಶಾಲೆಯ ಪದವಿ ಸಮಾರಂಭದ ಹಿಂದಿನ ದಿನ, ಬೆಂಜಮಿನ್ ತೀರಿಕೊಂಡರು. ಶವವನ್ನು ಗುರುತಿಸಲು ಹೋದ ಹುಡುಗ ತಂದೆಯ ಪಾಕೀಟು ಬಿಚ್ಚಿದಾಗ, ತನಗೆ ಬಂದ ಬಹುಮಾನಗಳ ಸುದ್ದಿಯಿದ್ದ ಪತ್ರಿಕೆಯ ತುಣುಕುಗಳು ಮಡಿಕೆ ಮಾಸಿ ಒಳಗಿದ್ದವು. ಕೀಟ್ಸ್ ಅವರ ಪುಸ್ತಕಗಳಲ್ಲಿ ದೊಡ್ಡವರು ಹೆಚ್ಚು ಮಾತಾಡದೆಯೇ ಮಗುವಿನ ಪಕ್ಕದಲ್ಲಿ ನಿಲ್ಲುವುದನ್ನು ಕಂಡಾಗಲೆಲ್ಲ ನನಗೆ ಈ ಪಾಕೀಟು ನೆನಪಾಗುತ್ತದೆ.

ಆಮೇಲಿನ ವರ್ಷಗಳನ್ನು ಬೇಗ ಹೇಳಿಬಿಡಬಹುದು: ಆರ್ಥಿಕ ಕುಸಿತದ ಕಾಲದಲ್ಲಿ ಸರ್ಕಾರದ ಯೋಜನೆಯಡಿ ಭಿತ್ತಿಚಿತ್ರ, ಕಾಮಿಕ್ಸ್ ಪುಸ್ತಕಗಳಿಗೆ ಹಿನ್ನೆಲೆ, ಯುದ್ಧಕಾಲದಲ್ಲಿ ಸೇನೆಗೆ ಶತ್ರುವಿನ ಕಣ್ಣಿಗೆ ಬೀಳದಂತೆ ಮರೆಮಾಚುವ ವಿನ್ಯಾಸ, 1954ರಿಂದ ಬೇರೆಯವರ ಮಕ್ಕಳ ಕಥೆಗಳಿಗೆ ಚಿತ್ರ. ಹೀಗೆ ಚಿತ್ರ ಬರೆಯುತ್ತಿದ್ದಾಗ, ತಮ್ಮ ಕೈಗೆ ಬರುವ ಯಾವ ಹಸ್ತಪ್ರತಿಯಲ್ಲೂ ಕಪ್ಪು ಮಗುವೊಂದು ಕಥಾನಾಯಕನಾಗಿರುವುದಿಲ್ಲ ಎಂಬುದು ಅವರ ಗಮನಕ್ಕೆ ಬಂತು. 1940ರಲ್ಲಿ ‘ಲೈಫ್’ ಪತ್ರಿಕೆಯಿಂದ ಕತ್ತರಿಸಿಟ್ಟುಕೊಂಡ, ರಕ್ತಪರೀಕ್ಷೆಗೆ ನಿಂತ ಪುಟ್ಟ ಕಪ್ಪು ಹುಡುಗನ ನಾಲ್ಕು ಫೋಟೋಗಳು ಅವರ ಬಳಿ ಇದ್ದವು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅವು ಆಗಾಗ ಅವರ ಗೋಡೆಯೇರುತ್ತಿದ್ದವು, ಇಳಿಯುತ್ತಿದ್ದವು. 1962ರಲ್ಲಿ ಆ ಹುಡುಗನೇ ಕೆಂಪು ಕುಲಾವಿಯ ಅಂಗಿ ತೊಟ್ಟು ಪೀಟರ್ ಎಂಬ ಹೆಸರಿನಲ್ಲಿ ಹಿಮದೊಳಕ್ಕೆ ನಡೆದ.

ಮರುವರ್ಷ ಆ ಪುಸ್ತಕಕ್ಕೆ ಅಮೆರಿಕದ ಚಿತ್ರಪುಸ್ತಕ ಲೋಕದ ದೊಡ್ಡ ಮನ್ನಣೆಯಾದ ಕಾಲ್ಡೆಕಾಟ್ ಪದಕ ಬಂತು. ಕಪ್ಪು ಮಗು ನಾಯಕನಾಗಿರುವ ಪುಸ್ತಕಕ್ಕೆ ಆ ಪದಕ ಸಂದದ್ದು ಅದೇ ಮೊದಲು. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯವು 2020ರಲ್ಲಿ ತನ್ನ 125 ವರ್ಷಗಳ ಲೆಕ್ಕ ತೆಗೆದಾಗ, ಓದುಗರು ಅತಿ ಹೆಚ್ಚು ಸಲ ಮನೆಗೆ ಒಯ್ದ ಪುಸ್ತಕ ಇದೇ ಆಗಿತ್ತು: 4,85,583 ಸಲ. ಆದರೆ ನಿಮ್ಮ ಪ್ರಶ್ನೆಗೆ ಈ ಅಂಕಿಗಿಂತ ಒಳ್ಳೆಯ ಉತ್ತರ, ಶಿಕ್ಷಕಿಯೊಬ್ಬರು ಕೀಟ್ಸ್ ಅವರಿಗೆ ಬರೆದ ಪತ್ರದಲ್ಲಿದೆ. ತಮ್ಮ ತರಗತಿಯ ಮಕ್ಕಳು ತಮ್ಮದೇ ಚಿತ್ರ ಬರೆಯುವಾಗ ಮೊದಲ ಬಾರಿಗೆ ಕಂದು ಬಣ್ಣದ ಕ್ರೇಯಾನ್ ಕೈಗೆತ್ತಿಕೊಂಡಿದ್ದಾರೆ ಎಂದು ಅವರು ತಿಳಿಸಿದ್ದರು.

ಪ್ರಶ್ನೆ: ಈ ಪುಸ್ತಕವನ್ನು ಕೆಲವರು ಟೀಕಿಸಿದ್ದರಂತೆ. ಏಕೆ?
– ಓದುಗರೊಬ್ಬರು, ಮೈಸೂರು

ಉತ್ತರ: 1965ರಲ್ಲಿ ನ್ಯಾನ್ಸಿ ಲ್ಯಾರಿಕ್ ಎಂಬ ಶಿಕ್ಷಣತಜ್ಞೆ, ಅಮೆರಿಕದ ಮಕ್ಕಳ ಪುಸ್ತಕಗಳಲ್ಲಿ ಬಿಳಿಯರೇ ತುಂಬಿರುವುದನ್ನು ಕುರಿತ ಪ್ರಸಿದ್ಧ ಲೇಖನದಲ್ಲಿ ಇದನ್ನೂ ಹೆಸರಿಸಿದರು. ಪೀಟರ್ ಕಪ್ಪು ಹುಡುಗನೆಂದು ಕಥೆಯ ಮಾತುಗಳಲ್ಲಿ ಎಲ್ಲೂ ಇಲ್ಲ, ತಾಯಿಯ ಚಿತ್ರ ಕಪ್ಪು ಹೆಂಗಸರನ್ನು ತೋರಿಸುತ್ತಿದ್ದ ಹಳೆಯ ಸವಕಲು ರೀತಿಯಲ್ಲಿದೆ ಎಂಬುದು ಅವರ ಆಕ್ಷೇಪ. ಲ್ಯಾರಿಕ್ ಎತ್ತಿದ ದೊಡ್ಡ ಪ್ರಶ್ನೆ ನ್ಯಾಯವಾದದ್ದೇ, ಬಿಳಿಯ ಲೇಖಕರೇ ಎಲ್ಲರ ಕಥೆ ಹೇಳುವುದರಲ್ಲಿ ಒಂದು ಕೊರತೆ ಇದ್ದೇ ಇದೆ. ಆದರೆ ಮೊದಲ ಆಕ್ಷೇಪವನ್ನು ನಾನು ಒಪ್ಪಲಾರೆ. ಬಿಳಿಯ ಮಗುವಿನ ಕಥೆಯಲ್ಲಿ ‘ಬಿಳಿಯ’ ಎಂದು ಯಾರೂ ಬರೆಯುವುದಿಲ್ಲವಲ್ಲ. ಕಣ್ಣಿಗೆ ಕಾಣುವುದನ್ನು ಚಿತ್ರಕ್ಕೇ ಬಿಟ್ಟುಕೊಡುವುದು ಚಿತ್ರಪುಸ್ತಕದ ಧರ್ಮ, ಕೀಟ್ಸ್ ಅದನ್ನು ಪಾಲಿಸಿದರು. ಮುಂದೆ ‘ವಿಸಲ್ ಫಾರ್ ವಿಲ್ಲಿ’ (1964), ‘ಪೀಟರ್ಸ್ ಚೇರ್’ (1967) ಮೊದಲಾದ ಪುಸ್ತಕಗಳಲ್ಲಿ ಪೀಟರ್ ಬೆಳೆಯುತ್ತಾನೆ, ತಂಗಿಯ ಆಗಮನಕ್ಕೆ ಮುನಿಸಿಕೊಳ್ಳುತ್ತಾನೆ, ತನ್ನ ಪುಟ್ಟ ಕುರ್ಚಿ ತನಗೇ ಹಿಡಿಸದಷ್ಟು ದೊಡ್ಡವನಾಗಿದ್ದೇನೆಂದು ಕಂಡುಕೊಳ್ಳುತ್ತಾನೆ. 1983ರಲ್ಲಿ ಕೀಟ್ಸ್ ತೀರಿಕೊಂಡರು.

ಪ್ರಶ್ನೆ: ಕೀಟ್ಸ್ ಅವರ ಚಿತ್ರಗಳು ಬಣ್ಣ ಬಳಿದಂತೆಯೂ ಇಲ್ಲ, ಮುದ್ರಿಸಿದಂತೆಯೂ ಇಲ್ಲ. ಅವನ್ನು ಹೇಗೆ ಮಾಡಿದರು? ಹಿಮವನ್ನೇ ಕಾಣದ ನಮ್ಮ ಮಕ್ಕಳಿಗೆ ಈ ಕಥೆ ಹತ್ತುತ್ತದೆಯೇ?
– ಚಿತ್ರಕಲಾ ಶಿಕ್ಷಕ, ಕಲಬುರಗಿ

ಉತ್ತರ: ಅವು ಕೊಲಾಜ್, ಅಂದರೆ ಬೇರೆ ಬೇರೆ ಕಾಗದ, ಬಟ್ಟೆಗಳನ್ನು ಕತ್ತರಿಸಿ ಅಂಟಿಸಿ ಮಾಡಿದವು. ಅಲ್ಲಲ್ಲಿ ಒಂದಿಷ್ಟು ಕಾಗದ ಅಂಟಿಸೋಣವೆಂದು ಹೊರಟವರು ಕೊನೆಗೆ ಇಡೀ ಪುಸ್ತಕವನ್ನೇ ಹಾಗೆ ಮಾಡಿದರು. ಪೀಟರ್‌ನ ಹಾಸಿಗೆಯ ಬಟ್ಟೆ ಬೆಲ್ಜಿಯಂ ಕ್ಯಾನ್ವಾಸಿನ ತುಂಡು. ತಾಯಿಯ ಉಡುಪು ಕಪಾಟಿನೊಳಗೆ ಹಾಸುವ ಮೇಣಬಟ್ಟೆ. ರಬ್ಬರನ್ನು ಕೊರೆದು, ಬಣ್ಣದಲ್ಲಿ ಅದ್ದಿ ಒತ್ತಿದಾಗ ಹಿಮದ ಹೂಗಳಾದವು. ಪೀಟರ್ ಮಲಗುವ ಪುಟದ ಬೂದು ಹಿನ್ನೆಲೆ ಟೂತ್‌ಬ್ರಷ್ಷಿನಿಂದ ಶಾಯಿ ಚಿಮುಕಿಸಿದ್ದು. ಇದಾವುದಕ್ಕೂ ದುಬಾರಿ ಸಾಮಾನು ಬೇಡವಾದ್ದರಿಂದ ನಿಮ್ಮ ತರಗತಿಯಲ್ಲಿ ಖಂಡಿತ ಮಾಡಿಸಿ. ಹಳೆಯ ಲಗ್ನಪತ್ರಿಕೆ, ದರ್ಜಿಯ ಅಂಗಡಿಯ ತುಂಡುಬಟ್ಟೆ ಸಾಕು.

ಇನ್ನು ಹಿಮದ ಮಾತು. ಪೀಟರ್ ಹಿಮದುಂಡೆಯೊಂದನ್ನು ನಾಳೆಗಿರಲಿ ಎಂದು ಜೇಬಿನಲ್ಲಿಟ್ಟುಕೊಂಡು ಮನೆಯೊಳಗೆ ಬರುತ್ತಾನೆ. ತಾಯಿ ಒದ್ದೆಯಾದ ಕಾಲುಚೀಲ ಕಳಚುತ್ತಾಳೆ, ಅವನು ಸ್ನಾನದ ತೊಟ್ಟಿಯಲ್ಲಿ ಕೂತು ದಿನವನ್ನೆಲ್ಲ ನೆನೆಯುತ್ತಾನೆ, ಮಲಗುವ ಮುಂಚೆ ಜೇಬು ತಡವಿದರೆ ಅದು ಬರಿದು. ಆ ಪುಟ ಬಂದಾಗ ಓದುವುದನ್ನು ನಿಲ್ಲಿಸಿ, ಬೇಸಿಗೆಯ ಮಳೆಯಲ್ಲಿ ಆಲಿಕಲ್ಲು ಆಯ್ದು ಲೋಟದಲ್ಲಿಟ್ಟವರು ಯಾರಾದರೂ ಇದ್ದೀರಾ ಎಂದು ಕೇಳಿ ನೋಡಿ. ಆಮೇಲೆ ಅವರೇ ಹೇಳುತ್ತಾರೆ.