ಡಿಬಗರಿನಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಕಂಡರೆ ಅಳಿಸಲು ಹೋಗಬೇಡಿ

ನೀವು ಕೇಳಿದ್ದು ಎರಡು. ಆಪ್ ಕಾನ್ಫಿಗ್ ಫೈಲಿನಲ್ಲಿ (ಪ್ರೋಗ್ರಾಮಿನ ಸೆಟ್ಟಿಂಗ್ಸ್ ಬರೆದಿಡುವ ಫೈಲ್) ಫೋಲ್ಡರ್ ಪಾತ್, ಅಂದರೆ ಫೋಲ್ಡರಿನ ವಿಳಾಸ, ಬರೆಯುವಾಗ ಒಂದೊಂದೇ \ ಹಾಕಿದ್ದೀರಿ. ಪ್ರೋಗ್ರಾಂ ಓಡುವಾಗಲೇ ಒಳಗೆ ಇಣುಕಿ ನೋಡಲು ಇರುವ ವಿಶುವಲ್ ಸ್ಟುಡಿಯೋ ಡಿಬಗರಿನಲ್ಲಿ ನೋಡಿದರೆ ಎಲ್ಲ ಕಡೆ \\ ಆಗಿದೆ, ರಿಪ್ಲೇಸ್ ಮಾಡಿದರೂ ಹೋಗ್ತಿಲ್ಲ. ಇನ್ನೊಂದು, ಅದೇ ಫೈಲಿನಲ್ಲಿ ಒಂದು ಮೆಸೇಜಿನ ನಡುವೆ \ಎನ್ (ಇಂಗ್ಲಿಷಿನ \n) ಬರೆದರೆ ಹೊಸ ಸಾಲು ಬರದೆ, \ಎನ್ ಅಂತಲೇ ಸ್ಕ್ರೀನಿನ ಮೇಲೆ ಕಾಣುತ್ತಿದೆ. ಎರಡಕ್ಕೂ ಬೇರು ಒಂದೇ.

\ ಎಂಬ ಗುರುತಿಗೆ ಸ್ಟ್ರಿಂಗಿನ (ಪ್ರೋಗ್ರಾಂ ಹಿಡಿದಿಟ್ಟುಕೊಂಡ ಪಠ್ಯದ) ಒಳಗೆ ಯಾವ ವಿಶೇಷ ಅರ್ಥವೂ ಇಲ್ಲ. ಅಲ್ಲಿ ಅದು ಬೇರೆ ಅಕ್ಷರಗಳ ಹಾಗೆಯೇ ಒಂದು ಅಕ್ಷರ. ಅರ್ಥ ಹಚ್ಚುವುದು ಸಿ ಶಾರ್ಪ್ ಕೋಡನ್ನು ಪ್ರೋಗ್ರಾಂ ಆಗಿ ಬದಲಿಸುವ ಕಂಪೈಲರ್, ಅದೂ ನೀವು ಕೋಡಿನಲ್ಲಿ ಬರೆದ ಸ್ಟ್ರಿಂಗಿಗೆ ಮಾತ್ರ: ಅಲ್ಲಿ \ಎನ್ ಅಂದರೆ ಹೊಸ ಸಾಲು, \\ ಅಂದರೆ ನಿಜವಾದ ಒಂದು \. ಡಿಬಗರ್ ಏನು ಮಾಡುತ್ತದೆ ಅಂದರೆ, ಇದೇ ಸ್ಟ್ರಿಂಗನ್ನು ಕೋಡಿನಲ್ಲಿ ಹೇಗೆ ಟೈಪ್ ಮಾಡಬೇಕಿತ್ತೋ ಹಾಗೆ ತೋರಿಸುತ್ತದೆ. ಅದಕ್ಕೇ ಒಂದು \ ಇದ್ದಲ್ಲಿ ಎರಡು ಕಾಣುತ್ತದೆ.

ನಂಬಿಕೆ ಬರದಿದ್ದರೆ ಕಾನ್ಫಿಗ್‌ನಲ್ಲಿ 12\34 ಅಂತ ಬರೆದು ನೋಡಿ. ಡಿಬಗರ್ "12\\34" ಅನ್ನುತ್ತದೆ. ಅದರ ಲೆಂತ್ (ಅಕ್ಷರಗಳ ಎಣಿಕೆ) ನೋಡಿ: 5. ಆರಲ್ಲ. ಡಿಬಗರಿನಲ್ಲಿ ಆ ಸ್ಟ್ರಿಂಗಿನ ಪಕ್ಕದಲ್ಲಿರುವ ಭೂತಗನ್ನಡಿ ಗುರುತನ್ನು ಒತ್ತಿದರೆ ಟೆಕ್ಸ್ಟ್ ವಿಶುವಲೈಸರ್ ತೆರೆಯುತ್ತದೆ, ಅದರಲ್ಲಿ ಒಂದೇ \ ಇರುತ್ತದೆ. ನಿಜವಾದ ಸ್ಟ್ರಿಂಗ್ ಅದೇ.

ರಿಪ್ಲೇಸ್ ಸಾಲನ್ನು ದಯವಿಟ್ಟು ಇವತ್ತೇ ತೆಗೆದುಬಿಡಿ. ಹಿಂದೆ ನಾನೂ ಇದನ್ನೇ ಮಾಡಿ ಪೆಟ್ಟು ತಿಂದಿದ್ದೇನೆ. ಜೋಡಿ ಬ್ಯಾಕ್‌ಸ್ಲ್ಯಾಶ್ ಕಂಡಲ್ಲೆಲ್ಲ ಒಂದು ಮಾಡು ಅಂತ ಬರೆದಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ ಡಿ ಡ್ರೈವಿನ ಪಾತ್ ಇತ್ತು, ಅದರಲ್ಲಿ ಜೋಡಿ ಇರಲೇ ಇಲ್ಲ, ಹಾಗಾಗಿ ಏನೂ ಕೆಡಲಿಲ್ಲ. ಗ್ರಾಹಕರ ಕಡೆ ನೆಟ್‌ವರ್ಕ್ ಪಾತ್, \\ಸರ್ವರ್\ಬಿಲ್ ಅನ್ನುವ ಥರದ್ದು. ಅಲ್ಲಿ ಮೊದಲಿಗೆ ಎರಡು \ ನಿಜವಾಗಿಯೂ ಬೇಕು. ನನ್ನ ಸಾಲು ಅದನ್ನು ಒಂದು ಮಾಡಿಬಿಟ್ಟಿತು, ಫೈಲ್ ಸಿಗಲಿಲ್ಲ. ಹುಡುಕುವುದು ಇನ್ನೂ ಕಷ್ಟವಾಯ್ತು, ಯಾಕಂದ್ರೆ ಕೆಟ್ಟುಹೋದ ಪಾತ್ ಡಿಬಗರಿನಲ್ಲಿ "\\ಸರ್ವರ್\\ಬಿಲ್" ಅಂತ ಕಾಣುತ್ತಿತ್ತು. ಶುರುವಿನಲ್ಲಿ ಎರಡು ಇದೆಯಲ್ಲ, ಸರಿಯಾಗೇ ಇದೆ ಅಂದುಕೊಂಡೆ. ಸರಿಯಾದ ಪಾತ್ ಆಗಿದ್ದರೆ ಶುರುವಿನಲ್ಲಿ ನಾಲ್ಕು ಕಾಣಬೇಕಿತ್ತು!

ಆಪ್ ಕಾನ್ಫಿಗ್ ಅಂದರೆ ಎಕ್ಸ್‌ಎಂಎಲ್, ಟ್ಯಾಗ್‌ಗಳನ್ನು ಬಳಸಿ ಮಾಹಿತಿ ಬರೆಯುವ ಒಂದು ರೀತಿ. ಅಲ್ಲಿ ಎಚ್ಚರ ಬೇಕಾದ್ದು & ಮತ್ತು < ಗುರುತುಗಳಿಗೆ, \ ಗೆ ಅಲ್ಲ. ಮುಂದೆ ಸೆಟ್ಟಿಂಗ್ಸ್ ಬರೆಯುವ ಇನ್ನೊಂದು ರೀತಿಯಾದ ಜೇಸನ್ ಫೈಲಿಗೆ ಹೋದರೆ ಕಥೆ ಬದಲಾಗುತ್ತದೆ. ಜೇಸನ್‌ಗೂ ಎಸ್ಕೇಪ್ ನಿಯಮ (\ ಮತ್ತು ಅದರ ಮುಂದಿನ ಅಕ್ಷರ ಸೇರಿಸಿ ಬೇರೆ ಅರ್ಥ ಕೊಡುವುದು) ಇದೆ, ಹಾಗಾಗಿ ಫೈಲಿನಲ್ಲೇ \\ ಬರೆಯಬೇಕು. ಮರೆತು 12\34 ಅಂತ ಹಾಕಿದರೆ ಎರರ್ ಬರುತ್ತದೆ, ಅದು ಒಳ್ಳೆಯದೇ. ಆದರೆ ಸಣ್ಣ ಟಿ (t) ಅಕ್ಷರದಿಂದ ಶುರುವಾಗುವ ಫೋಲ್ಡರಿನ ಮುಂದೆ ಒಂದೇ \ ಇದ್ದರೆ ಎರರ್ ಇಲ್ಲದೆ ಸುಮ್ನೆ ಟ್ಯಾಬ್ ಆಗಿಬಿಡುತ್ತದೆ. ಇಲ್ಲಿ ಡಿಬಗರ್ ತುಂಬಾ ಉಪಯೋಗಕ್ಕೆ ಬರುತ್ತದೆ: \\ ಕಂಡರೆ ನಿಜವಾದ ಒಂದು \, ಒಂಟಿ \ ಪಕ್ಕ ಟಿ ಅಥವಾ ಎನ್ ಕಂಡರೆ ಅದು ಕಣ್ಣಿಗೆ ಕಾಣದ ಟ್ಯಾಬ್ ಅಥವಾ ಹೊಸ ಸಾಲು.

ಈಗ ನಿಮ್ಮ \ಎನ್. ಕಾನ್ಫಿಗ್ ಫೈಲ್ ಕಂಪೈಲರ್ ಕೈಗೆ ಹೋಗುವುದೇ ಇಲ್ಲ, ಅಲ್ವಾ? ಹಾಗಾಗಿ ಅದು \ ಮತ್ತು ಎನ್ ಎಂಬ ಎರಡು ಅಕ್ಷರಗಳಾಗಿಯೇ ಉಳಿಯಿತು. ಡಿಬಗರಿನಲ್ಲಿ \\ಎನ್ ಅಂತ ಕಾಣುತ್ತಿರಬೇಕು, ನೋಡಿ. ಎಕ್ಸ್‌ಎಂಎಲ್‌ನಲ್ಲಿ ಹೊಸ ಸಾಲಿಗೆ 
 ಅಂತ ಬರೆಯಬೇಕು. ಆ್ಯಟ್ರಿಬ್ಯೂಟ್ ಒಳಗೆ (ಟ್ಯಾಗಿನಲ್ಲಿ ಕೋಟ್ ಗುರುತುಗಳ ನಡುವೆ) ಎಂಟರ್ ಒತ್ತಿ ಸಾಲು ಮುರಿದರೆ ಸಾಲದು, ಓದುವಾಗ ಅದು ಬರೀ ಸ್ಪೇಸ್ ಆಗುತ್ತದೆ. 
 ಹಾಕಿ ಮತ್ತೆ ಓಡಿಸಿ. ಡಿಬಗರಿನಲ್ಲಿ ಆಗ ಒಂಟಿ \ ಇರುವ \ಎನ್ ಕಾಣುತ್ತದೆ, ಸ್ಕ್ರೀನಿನ ಮೇಲೆ ಸಾಲು ಮುರಿದಿರುತ್ತದೆ.